ಕಸದ ಒಡೆತನ

ಮನೆಯ ಕಸವನ್ನು ಗುಡಿಸಿ ಹೊಸ್ತಿಲಿನಾಚೆಗೆ ಹಾಕಿದೊಡನೆ ಅದು ತನ್ನದಲ್ಲವೆಂದು ಮನುಷ್ಯನು ಭಾವಿಸುತ್ತಾನೆ. ಹೊಲ, ಮನೆ, ಹಣ, ಒಡವೆಗಳ ಒಡೆತನಕ್ಕಾಗಿ ಅವನು ನ್ಯಾಯಾಲಯದ ಮೆಟ್ಟಿಲನ್ನೇರಲೂ ಹಿಂಜರಿಯುವುದಿಲ್ಲ. ಒಂದು ಗೇಣು ನೆಲಕ್ಕಾಗಿ ಒಡಹುಟ್ಟಿದವರು ಮಾತು ಬಿಟ್ಟ ಸಂದರ್ಭಗಳು ಲೋಕದಲ್ಲಿ ಎಷ್ಟೋ ಉಂಟು. ಆದರೆ ಕಸ ತನ್ನದೆಂದು ವ್ಯಾಜ್ಯ ಹೂಡಿದವರು ಎಲ್ಲಿಯೂ ಇಲ್ಲ. ಬಾಳೆಯ ಹಣ್ಣು ತಿನ್ನುವವನದು; ಸುಲಿದ ಮರುಕ್ಷಣವೇ ಅದರ ಸಿಪ್ಪೆ ಪುರಸಭೆಯದು! ಈ ವಿಚಿತ್ರವಾದ ಲೆಕ್ಕಾಚಾರವೇ ಇಂದು ನಗರಗಳ ಅಂಚಿನಲ್ಲಿ ಗುಡ್ಡಗಳಂತೆ ಬೆಳೆದು ನಿಂತಿರುವ ಕಸದ ರಾಶಿಗಳಿಗೆ ಮೂಲ. ಆ ರಾಶಿಯನ್ನು ತಗ್ಗಿಸುವುದಕ್ಕೂ, ಅದರಲ್ಲಿ ಉಪಯುಕ್ತವಾದುದನ್ನು ಮರಳಿ ಬಳಕೆಗೆ ತರುವುದಕ್ಕೂ ಸ್ಥಳೀಯ ಸರಕಾರಗಳು ಕೈಗೊಂಡ ಪ್ರಯತ್ನಗಳ ಸೋಲುಗೆಲುವುಗಳು ಒಂದೇ ಪ್ರಶ್ನೆಯನ್ನು ಅವಲಂಬಿಸಿವೆ: ಕಸ ಯಾರದು?

ಹಿಂದಿನ ಹಳ್ಳಿಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಪ್ರತಿಯೊಬ್ಬ ರೈತನಿಗೂ ತನ್ನದೇ ಆದ ತಿಪ್ಪೆಗುಂಡಿಯಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಸೊಪ್ಪುಸದೆ, ದನ ತಿಂದು ಬಿಟ್ಟ ಹುಲ್ಲು, ಅಡುಗೆಮನೆಯ ಸಿಪ್ಪೆ ಇವೆಲ್ಲವೂ ಅದರೊಳಗೆ ಬಿದ್ದು, ಕೊಳೆತು, ಗೊಬ್ಬರವಾಗಿ, ಮುಂಗಾರಿಗೆ ಮುನ್ನ ಗಾಡಿಯೇರಿ ಹೊಲವನ್ನು ಸೇರುತ್ತಿದ್ದವು. ಸವೆದ ಕಬ್ಬಿಣ ಕುಲುಮೆಗೆ ಮರಳುತ್ತಿತ್ತು; ಹಳೆಯ ಸೀರೆ ಕೌದಿಯಾಗುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಪೂಜೆ ಸಲ್ಲಿಸುವ ಪದ್ಧತಿ ಕನ್ನಡ ನಾಡಿನ ಹಲವು ಭಾಗಗಳಲ್ಲಿ ಉಂಟು. ಮಕ್ಕಳಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡಲು ಜನರು ನಾಚಿಕೊಂಡವರಲ್ಲ. ಆ ಕಾಲದ ಬದುಕೆಲ್ಲ ಸೊಗಸಾಗಿತ್ತೆಂದು ಇದರ ಅರ್ಥವಲ್ಲ. ಚರಂಡಿಗಳಿಲ್ಲದ ಬೀದಿಗಳು ಆಗ ಇದ್ದವು. ಕಾಲರಾದಂತಹ ಪಿಡುಗುಗಳು ಇದ್ದವು. ಊರನ್ನು ಶುಚಿಗೊಳಿಸುವ ಹೊರೆಯನ್ನೆಲ್ಲ ಕೆಲವೇ ಸಮುದಾಯಗಳ ತಲೆಯ ಮೇಲೆ ಹೊರಿಸಿದ ಘೋರ ಅನ್ಯಾಯವೂ ಇತ್ತು. ಆದರೂ ತನ್ನ ಮನೆಯ ಕಸ ತನ್ನದು, ಅದರ ಸದುಪಯೋಗವೂ ತನ್ನದು ಎಂಬ ತಿಳಿವಳಿಕೆ ರೈತನಿಗಿತ್ತು. ‘ಕಸದಿಂದ ರಸ’ ಎಂಬ ಮಾತು ಆ ತಿಳಿವಳಿಕೆಯಿಂದಲೇ ಬಾಳುತ್ತ ಬಂದಿದೆ.

ನಗರಗಳು ಬೆಳೆದಂತೆ ಎರಡು ಮಾರ್ಪಾಡುಗಳಾದವು. ಮೊದಲನೆಯದಾಗಿ, ಕಸದ ಸ್ವರೂಪ ಬದಲಾಯಿತು. ಮಣ್ಣು ಜೀರ್ಣಿಸಿಕೊಳ್ಳಬಲ್ಲ ವಸ್ತುಗಳ ಜೊತೆಗೆ ಮಣ್ಣಿಗೆ ಜೀರ್ಣವಾಗದ ಪ್ಲಾಸ್ಟಿಕ್ ಚೀಲಗಳು, ಬಾಟಲಿಗಳು, ಔಷಧಿಯ ಪಟ್ಟಿಗಳು, ಬ್ಯಾಟರಿಗಳು, ಕೆಟ್ಟ ವಿದ್ಯುತ್ ಉಪಕರಣಗಳು ಮನೆಯಿಂದ ಹೊರಬೀಳತೊಡಗಿದವು. ಎರಡನೆಯದಾಗಿ, ಇವೆಲ್ಲವೂ ಒಂದೇ ಬುಟ್ಟಿಯಲ್ಲಿ ಒಂದಾದವು. ಈ ಎರಡನೆಯ ಮಾರ್ಪಾಡೇ ಹೆಚ್ಚು ಕೇಡನ್ನುಂಟುಮಾಡಿತು. ತರಕಾರಿಯ ಸಿಪ್ಪೆ ಕಸವಲ್ಲ, ಅದು ನಾಳಿನ ಗೊಬ್ಬರ. ಹಳೆಯ ವೃತ್ತಪತ್ರಿಕೆ ಕಸವಲ್ಲ, ಅದು ನಾಳಿನ ಕಾಗದ. ಗಾಜನ್ನು ಮತ್ತೆ ಮತ್ತೆ ಕರಗಿಸಿ ಹೊಸ ಗಾಜನ್ನಾಗಿ ಮಾಡಬಹುದು. ಬಳಸಿದ ಅಲ್ಯೂಮಿನಿಯಮನ್ನು ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಅದನ್ನು ತಯಾರಿಸಲು ಬೇಕಾಗುವ ಶಕ್ತಿಯಲ್ಲಿ ಶೇಕಡ 95ರಷ್ಟು ಉಳಿತಾಯವಾಗುತ್ತದೆ. ಆದರೆ ಹುಳಿದ ಸಾರು, ಒದ್ದೆಯಾದ ಕಾಗದ, ಒಡೆದ ಗಾಜು, ಜಿಡ್ಡು ಹತ್ತಿದ ಪ್ಲಾಸ್ಟಿಕ್ ಇವು ಒಂದೇ ಚೀಲದಲ್ಲಿ ಕಲಸಿಹೋದಾಗ ಗೊಬ್ಬರವೂ ಆಗದು, ಕಾಗದವೂ ಆಗದು, ಗಾಜೂ ಆಗದು. ಹೀಗೆ ನೋಡಿದರೆ ಕಸವೆಂಬುದು ಒಂದು ವಸ್ತುವೇ ಅಲ್ಲ. ಅದು ಒಂದು ಬೆರಕೆ. ಬೇರೆ ಬೇರೆ ಇದ್ದಾಗ ಸಂಪತ್ತಾಗಿದ್ದುದು ಬೆರೆತಾಗ ಹೊಲಸಾಗುತ್ತದೆ.

ಈ ಬೆರಕೆಯನ್ನು ಊರಾಚೆಗೆ ಒಯ್ದು ಸುರಿದರೆ ಅದು ಸುಮ್ಮನೆ ಬಿದ್ದಿರುವುದಿಲ್ಲ. ಭಾರತದ ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸವೇ ಇರುತ್ತದೆ. ರಾಶಿಯ ಅಡಿಯಲ್ಲಿ ಗಾಳಿಯ ಸಂಪರ್ಕವಿಲ್ಲದೆ ಅದು ಕೊಳೆಯುವಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯನ್ನು ಲೆಕ್ಕಕ್ಕೆ ಹಿಡಿದರೆ, ಭೂಮಿಯ ವಾತಾವರಣವನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಸಮರ್ಥವಾದುದು. ಅದು ಸುಲಭವಾಗಿ ಹೊತ್ತಿಕೊಳ್ಳುವ ಅನಿಲವೂ ಹೌದು. ಆದುದರಿಂದಲೇ ಕಸದ ಗುಡ್ಡಗಳಿಗೆ ಬೇಸಗೆಯಲ್ಲಿ ಬೆಂಕಿ ಬೀಳುತ್ತದೆ. ಆ ಹೊಗೆ ಸುತ್ತಲಿನ ಊರುಗಳನ್ನು ದಿನಗಟ್ಟಲೆ ಕವಿಯುತ್ತದೆ. ಇತ್ತ ಕೊಳೆತ ಕಸದಿಂದ ಒಸರುವ ಕಪ್ಪು ದ್ರವವು ಮಳೆಯ ನೀರಿನೊಡನೆ ಸೇರಿ ನೆಲದೊಳಗೆ ಇಳಿದು ಬಾವಿಗಳನ್ನೂ ಕೆರೆಗಳನ್ನೂ ಕೆಡಿಸುತ್ತದೆ. ದೆಹಲಿಯ ಗಾಜೀಪುರದಲ್ಲಿ 1984ರಿಂದ ಸುರಿಯುತ್ತ ಬಂದ ಕಸದ ಗುಡ್ಡದ ಒಂದು ಭಾಗವು 2017ರ ಸೆಪ್ಟೆಂಬರ್ 1ರಂದು ಕುಸಿದು, ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದವರು ಕಾಲುವೆಯ ಪಾಲಾದರು. ಇಬ್ಬರು ಪ್ರಾಣ ಕಳೆದುಕೊಂಡರು. ಬಿಸಾಡಿದವರು ಮರೆತರೂ ಕಸ ಮರೆಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಕರ್ನಾಟಕದಲ್ಲಿ ಈ ಪಾಠವನ್ನು ಕಲಿಸಿದವರು ಪಂಡಿತರಲ್ಲ, ಹಳ್ಳಿಯ ಜನ. ಬೆಂಗಳೂರಿನ ಕಸವು ಹಲವು ವರ್ಷಗಳ ಕಾಲ ನಗರದ ಉತ್ತರಕ್ಕಿರುವ ಮಾವಳ್ಳಿಪುರಕ್ಕೂ, ಪೂರ್ವಕ್ಕಿರುವ ಮಂಡೂರಿಗೂ ಹೋಗುತ್ತಿತ್ತು. ದುರ್ನಾತ, ನೊಣ, ಕೆಟ್ಟ ನೀರು, ಕಾಯಿಲೆಗಳ ನಡುವೆ ಬಾಳಬೇಕಾಗಿದೆಯೆಂದು ಆ ಊರುಗಳ ಜನ ಮತ್ತೆ ಮತ್ತೆ ಮೊರೆಯಿಟ್ಟರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಆಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸ ರಾಶಿಬಿದ್ದು, ‘ಉದ್ಯಾನನಗರಿ’ ಎಂಬ ಹೆಸರು ನಗೆಗೀಡಾಯಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿದ್ದಿತು. 2014ರಲ್ಲಿ ಮಂಡೂರಿನ ಜನರೂ ಕಸದ ಲಾರಿಗಳಿಗೆ ಅಡ್ಡ ನಿಂತರು. ಕೊನೆಗೆ ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಕಳುಹಿಸುವುದಿಲ್ಲವೆಂದು ಸರಕಾರ ಮಾತು ಕೊಡಬೇಕಾಯಿತು. ಕೊಟ್ಟ ಮಾತಿನಂತೆ ಲಾರಿಗಳು ನಿಂತವು. ಆದರೆ ನಗರದ ಕಸ ನಿಲ್ಲಲಿಲ್ಲ. ಅದು ಕಲ್ಲು ತೆಗೆದು ಬರಿದಾದ ಬೇರೆ ಕ್ವಾರಿಗಳ ಗುಂಡಿಗಳನ್ನು ಹುಡುಕಿಕೊಂಡು ಹೋಯಿತು. ಆ ಗುಂಡಿಗಳ ಪಕ್ಕದಲ್ಲಿಯೂ ಊರುಗಳಿದ್ದವು.

ಮಂಡೂರಿನ ಜನ ಕೇಳಿದ ಪ್ರಶ್ನೆ ಸರಳವಾದುದು. ಬೆಂಗಳೂರಿನವರು ಉಂಡ ಊಟದ ಎಂಜಲನ್ನು ಮಂಡೂರಿನವರು ಏಕೆ ಹೊರಬೇಕು? ಆ ಹಳ್ಳಿಗೆ ನಗರದ ನಲ್ಲಿಯ ನೀರು ಬರಲಿಲ್ಲ, ನಗರದ ಆಸ್ಪತ್ರೆ ಬರಲಿಲ್ಲ, ನಗರದ ಉದ್ಯಾನವೂ ಬರಲಿಲ್ಲ. ಕಸ ಮಾತ್ರ ತಪ್ಪದೆ ಬಂದಿತು. ಒಂದು ಊರಿನ ಶುಚಿತ್ವವು ಇನ್ನೊಂದು ಊರಿನ ಹೊಲಸಿನ ಮೇಲೆ ನಿಂತಿದ್ದರೆ ಅದು ಶುಚಿತ್ವವಲ್ಲ, ಕಸದ ಸ್ಥಳಾಂತರ ಮಾತ್ರ. ಕಸದ ಸಮಸ್ಯೆಯನ್ನು ಯಂತ್ರಗಳ ಸಮಸ್ಯೆಯೆಂದೂ ಹಣದ ಸಮಸ್ಯೆಯೆಂದೂ ಬಗೆಯುವವರು ಈ ಮಾತನ್ನು ಮರೆಯುತ್ತಾರೆ. ಅದು ಮೊಟ್ಟಮೊದಲು ನ್ಯಾಯದ ಸಮಸ್ಯೆ.

ಸಂವಿಧಾನದ 74ನೆಯ ತಿದ್ದುಪಡಿಯು ಘನತ್ಯಾಜ್ಯದ ನಿರ್ವಹಣೆಯನ್ನು ನಗರಗಳ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯ ಫಲವಾಗಿ, 2000ದಲ್ಲಿ ನಗರಗಳ ಕಸದ ಬಗೆಗೆ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ರೂಪುಗೊಂಡವು. 2016ರಲ್ಲಿ ಬಂದ ಹೊಸ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕಸವನ್ನು ಬೇರ್ಪಡಿಸಿ ಕೊಡುವುದು ಅದನ್ನು ಉಂಟುಮಾಡುವವರ ಕರ್ತವ್ಯವೆಂದು ಸಾರಿದವು. ಬೆಂಗಳೂರಿನ ಮಟ್ಟಿಗೆ ರಾಜ್ಯದ ಉಚ್ಚ ನ್ಯಾಯಾಲಯವು 2012ರಿಂದಲೇ ಈ ವಿಷಯವನ್ನು ಕೈಗೆತ್ತಿಕೊಂಡು, ಮನೆಯಲ್ಲಿಯೇ ವಿಂಗಡಣೆಯಾಗಬೇಕೆಂದು ವಿಧಿಸಿತು. 2015ರ ಕೊನೆಯಲ್ಲಿ ಅದು ನೀಡಿದ ಆದೇಶದಂತೆ ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಪದ್ಧತಿ ಜಾರಿಗೆ ಬಂದಿತು. ಹಸಿರು ಬುಟ್ಟಿಗೆ ಹಸಿ ಕಸ. ಚೀಲಕ್ಕೆ ಒಣ ಕಸ. ಕೆಂಪು ಬುಟ್ಟಿಗೆ ಮತ್ತೆ ಬಳಸಲಾಗದ, ಮುಟ್ಟಿದರೆ ಅಪಾಯಕಾರಿಯಾದ ಕಸ. ಒಂದನೆಯ ತರಗತಿಯ ಮಗುವಿಗೂ ಅರ್ಥವಾಗುವ ವ್ಯವಸ್ಥೆಯಿದು.

ಈ ವ್ಯವಸ್ಥೆಯ ಹಿಂದಿನ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದು ಮನೆಯಿಂದ ದಿನಕ್ಕೆ 1 ಕಿಲೋಗ್ರಾಂ ಕಸ ಹೊರಬೀಳುತ್ತದೆಂದು ಭಾವಿಸಿದರೆ, 10 ಲಕ್ಷ ಮನೆಗಳುಳ್ಳ ನಗರದಲ್ಲಿ ದಿನಕ್ಕೆ 1,000 ಟನ್ ಕಸವಾಗುತ್ತದೆ. 5 ಟನ್ ಹೊರುವ ಲಾರಿಯಾದರೆ ದಿನವೂ 200 ಲಾರಿಗಳು ಊರಾಚೆಗೆ ಹೋಗಬೇಕು. ಕಸದ ಅರ್ಧ ಭಾಗ ಹಸಿಯದೆಂದು ಹಿಡಿದು ಅದನ್ನು ಗೊಬ್ಬರ ಮಾಡಿದರೆ ಲಾರಿಗಳು 100ಕ್ಕೆ ಇಳಿಯುತ್ತವೆ. ಉಳಿದುದರಲ್ಲಿ ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ಕುಗಳನ್ನು ಆಯ್ದು ಕಾರ್ಖಾನೆಗಳಿಗೆ ಕಳುಹಿಸಿದರೆ ಲಾರಿಗಳ ಸಾಲು ಇನ್ನಷ್ಟು ಕಿರಿದಾಗುತ್ತದೆ. ಹೊಸ ಗುಂಡಿಗಳನ್ನು ಅಗೆಯುವುದಕ್ಕಿಂತ ಹಳೆಯ ಬುಟ್ಟಿಗಳನ್ನು ಎರಡು ಮಾಡುವುದು ಎಷ್ಟೋ ಅಗ್ಗ.

ಇಂತಹ ಕೆಲಸ ಕನ್ನಡ ನಾಡಿಗೆ ತೀರ ಹೊಸದೂ ಅಲ್ಲ. ನಗರದ ಕಸದಿಂದ ಗೊಬ್ಬರ ತಯಾರಿಸುವ ಉದ್ದೇಶದಿಂದಲೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಸುತ್ತಲಿನ ಬಡಾವಣೆಗಳ ಕಸವನ್ನು ತಂದು, ಹಸಿಯನ್ನು ಗೊಬ್ಬರ ಮಾಡಿ ರೈತರಿಗೂ, ಒಣದನ್ನು ಬಗೆಬಗೆಯಾಗಿ ಬೇರ್ಪಡಿಸಿ ಗುಜರಿ ವ್ಯಾಪಾರಿಗಳಿಗೂ ಮಾರುವ ಘಟಕವು ನಾಡಿನ ಗಮನವನ್ನು ಸೆಳೆಯಿತು. ಕೇಂದ್ರ ಸರಕಾರವು 2015 ಮತ್ತು 2016ರಲ್ಲಿ ಪ್ರಕಟಿಸಿದ ಸ್ವಚ್ಛ ನಗರಗಳ ಪಟ್ಟಿಗಳಲ್ಲಿ ಮೈಸೂರು ಮೊದಲ ಸ್ಥಾನವನ್ನು ಪಡೆದುದಕ್ಕೆ ಅರಮನೆಯ ವೈಭವ ಕಾರಣವಲ್ಲ. ಬೆಳಗಿನ ಜಾವಕ್ಕೇ ಎದ್ದು ದುಡಿದ ಪೌರಕಾರ್ಮಿಕರೂ, ಅವರೊಡನೆ ಸಹಕರಿಸಿದ ಗೃಹಿಣಿಯರೂ ಕಾರಣ. ಮಧ್ಯಪ್ರದೇಶದ ಇಂದೂರು 2017ರಿಂದ ಹಲವು ವರ್ಷ ಸತತವಾಗಿ ಆ ಸ್ಥಾನವನ್ನು ಉಳಿಸಿಕೊಂಡಿತು. ಅಲ್ಲಿ ಕಸದ ವಾಹನಗಳಲ್ಲಿಯೇ ಬಗೆಬಗೆಯ ಕಸಕ್ಕೆ ಪ್ರತ್ಯೇಕ ಕೋಣೆಗಳನ್ನು ಮಾಡಿದ್ದು ಗಮನಾರ್ಹವಾದ ಸಂಗತಿ. ಕರ್ನಾಟಕದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ತಾವೇ ವಾಹನ ನಡೆಸಿ ಮನೆಮನೆಯ ಒಣ ಕಸವನ್ನು ಸಂಗ್ರಹಿಸುತ್ತಿದ್ದಾರೆ. ನಿನ್ನೆಯವರೆಗೆ ಹೊಸ್ತಿಲು ದಾಟಲು ಸಂಕೋಚಪಡುತ್ತಿದ್ದವರು ಊರಿನ ಆರೋಗ್ಯದ ಚುಕ್ಕಾಣಿಯನ್ನು ಹಿಡಿದಿರುವುದು ಹೆಮ್ಮೆಯ ವಿಷಯ.

ಈ ಪ್ರಯತ್ನಗಳಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿದವರು ಚಿಂದಿ ಆಯುವವರು. ಪುರಸಭೆಗಳು ‘ಮರುಬಳಕೆ’ ಎಂಬ ಮಾತನ್ನು ಕಲಿಯುವುದಕ್ಕೆ ಬಹಳ ಮುಂಚೆಯೇ ಹೆಗಲಿಗೊಂದು ಗೋಣಿಚೀಲವನ್ನು ಹಾಕಿಕೊಂಡು ಬೀದಿ ಬೀದಿ ಅಲೆದು ಕಾಗದ, ಕಬ್ಬಿಣ, ಬಾಟಲಿಗಳನ್ನು ಆಯ್ದು ಮರಳಿ ಬಳಕೆಗೆ ತಂದವರು ಅವರು. ಅದಕ್ಕೆ ಪ್ರತಿಫಲವಾಗಿ ಅವರಿಗೆ ದೊರೆತದ್ದು ನಾಯಿಗಳ ಬೊಗಳು, ಪೊಲೀಸರ ಸಂಶಯ, ಜನರ ತಿರಸ್ಕಾರ. 2011ರಲ್ಲಿ ಬೆಂಗಳೂರಿನ ಅಂದಿನ ಬೃಹತ್ ಮಹಾನಗರ ಪಾಲಿಕೆಯು ಅವರಿಗೆ ಗುರುತಿನ ಚೀಟಿಗಳನ್ನು ಕೊಡಲಾರಂಭಿಸಿತು. ಮುಂದೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ಸ್ಥಾಪಿತವಾದಾಗ ಅವರಲ್ಲಿ ಹಲವರು ಅವುಗಳ ನಿರ್ವಾಹಕರಾದರು. ಒಂದು ಚೀಟಿ, ಒಂದು ಸೂರು, ನಿಶ್ಚಿತವಾದ ಒಂದು ಸಂಪಾದನೆ ಇವು ಮನುಷ್ಯನ ಬೆನ್ನನ್ನು ಎಷ್ಟು ನೇರಗೊಳಿಸಬಲ್ಲವೆಂಬುದನ್ನು ಆ ಕೇಂದ್ರಗಳಲ್ಲಿ ಕಾಣಬಹುದು.

ಇಷ್ಟಾದರೂ ಕಸದ ಸಮಸ್ಯೆ ಮುಗಿದಿಲ್ಲ. ಅದಕ್ಕೆ ಕೆಲವರು ಹೇಳುವ ಆಕ್ಷೇಪಗಳನ್ನು ಪರಿಶೀಲಿಸುವುದು ಒಳ್ಳೆಯದು. “ತೆರಿಗೆ ಕೊಡುತ್ತೇವೆ, ಬೇರ್ಪಡಿಸುವ ಕೆಲಸವನ್ನು ಪುರಸಭೆಯೇ ಮಾಡಲಿ” ಎಂಬುದು ಮೊದಲನೆಯದು. ತೆರಿಗೆಯಿಂದ ವಾಹನವನ್ನು ಕೊಳ್ಳಬಹುದು, ಸಂಬಳವನ್ನು ಕೊಡಬಹುದು. ಕಲಸಿಹೋದುದನ್ನು ಕಲಸದಂತೆ ಮಾಡಲಾಗದು. ಮನೆಯಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಕೆಲಸವು ರಾಶಿಯ ಬಳಿ ಇಡೀ ದಿನವನ್ನು ನುಂಗುತ್ತದೆ. ಅಲ್ಲದೆ ಆ ರಾಶಿಯೊಳಗೆ ಕೈಯಿಡುವವರು ಯಾರು? ತಲೆತಲಾಂತರದಿಂದ ಅದೇ ಕೆಲಸಕ್ಕೆ ದೂಡಲ್ಪಟ್ಟ ಕಡುಬಡವರು. ಒಡೆದ ಗಾಜು ಸೀಳುವುದು ಅವರ ಬೆರಳನ್ನು. ಬಳಸಿ ಎಸೆದ ಸೂಜಿ ಚುಚ್ಚುವುದು ಅವರ ಅಂಗೈಯನ್ನು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡುವಷ್ಟು ಸೌಜನ್ಯವನ್ನು ತೋರಿಸಲು ತೆರಿಗೆಯ ರಸೀದಿಯೇನೂ ಅಡ್ಡಬರುವುದಿಲ್ಲ.

“ಎಲ್ಲವನ್ನೂ ಸುಟ್ಟುಬಿಟ್ಟರಾಯಿತು, ಅದರಿಂದ ವಿದ್ಯುತ್ತೂ ದೊರೆಯುತ್ತದೆ” ಎಂಬುದು ಎರಡನೆಯ ಮಾತು. ನೀರಿನಂಶ ತುಂಬಿದ ಹಸಿ ಕಸ ಚೆನ್ನಾಗಿ ಉರಿಯದು. ಬೆರೆತ ಪ್ಲಾಸ್ಟಿಕ್ಕುಗಳು ಸರಿಯಾಗಿ ಉರಿಯದಿದ್ದರೆ ವಿಷದ ಹೊಗೆಯನ್ನು ಕಾರುತ್ತವೆ. ಸುಟ್ಟ ಮೇಲೆ ಉಳಿಯುವ ಬೂದಿಯನ್ನು ಹೂಳಲು ಮತ್ತೆ ನೆಲವೇ ಬೇಕು. ಬೇರೇನೂ ಮಾಡಲಾಗದ ಒಣ ಕಸವನ್ನು ಸುಡುವುದಕ್ಕೂ ಅದನ್ನು ಮೊದಲು ಬೇರ್ಪಡಿಸಿರಲೇಬೇಕು. ಯಂತ್ರ ಯಾವುದೇ ಇರಲಿ, ಅದಕ್ಕೆ ಮೊದಲ ಮೆಟ್ಟಿಲು ಮನೆಯ ವಿಂಗಡಣೆಯೇ.

ಮೂರನೆಯ ಆಕ್ಷೇಪದಲ್ಲಿ ಮಾತ್ರ ತಿರುಳಿದೆ. “ಮನೆಯಲ್ಲಿ ಬೇರ್ಪಡಿಸಿ ಕೊಟ್ಟುದನ್ನು ಗಾಡಿಯಲ್ಲಿ ಒಟ್ಟಿಗೆ ಸುರಿಯುತ್ತಾರೆ” ಎಂದು ಅನೇಕರು ದೂರುತ್ತಾರೆ. ಹೀಗೆ ನಡೆದ ಕಡೆಗಳಲ್ಲಿ ತಪ್ಪು ನಾಗರಿಕನದಲ್ಲ, ಆಡಳಿತದ್ದು. ಒಮ್ಮೆ ತನ್ನ ಶ್ರಮ ವ್ಯರ್ಥವಾದುದನ್ನು ಕಣ್ಣಾರೆ ಕಂಡ ಗೃಹಿಣಿ ಮರುದಿನ ಎರಡು ಬುಟ್ಟಿಗಳನ್ನು ಇಡುವುದಿಲ್ಲ. ಬೆರೆತ ಕಸವನ್ನು ಕೊಟ್ಟ ಮನೆಗೆ ದಂಡ ವಿಧಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಿರುವುದು ಯುಕ್ತವೇ. ಆದರೆ ಬೇರ್ಪಟ್ಟ ಕಸವನ್ನು ಬೆರೆಸಿದ ಗುತ್ತಿಗೆದಾರನಿಗೆ ಅದಕ್ಕಿಂತ ಮಿಗಿಲಾದ ದಂಡ ಬೀಳಬೇಕು. ವಾಹನಗಳಲ್ಲಿ ಪ್ರತ್ಯೇಕ ಕೋಣೆಗಳು, ನಿಶ್ಚಿತವಾದ ವೇಳೆ, ಬಡಾವಣೆಗೆ ಸಮೀಪದಲ್ಲಿಯೇ ಗೊಬ್ಬರದ ಘಟಕ, ಕಾರ್ಮಿಕರಿಗೆ ಕೈಗವಸು ಮತ್ತು ಸಕಾಲಕ್ಕೆ ಸಂಬಳ ಇವುಗಳನ್ನು ಒದಗಿಸಿದ ಆಡಳಿತಕ್ಕೆ ಮಾತ್ರ ನಾಗರಿಕನಿಗೆ ಬುದ್ಧಿ ಹೇಳುವ ಹಕ್ಕುಂಟು. 2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದವು. ಕಚೇರಿಗಳ ಸಂಖ್ಯೆ ಒಂದಾದರೇನು, ಐದಾದರೇನು? ಮನೆಯಿಂದ ಬೇರೆಯಾಗಿ ಹೊರಟ ಕಸ ಕೊನೆಯವರೆಗೆ ಬೇರೆಯಾಗಿಯೇ ಹೋಗುವುದೋ ಇಲ್ಲವೋ ಎಂಬುದರಿಂದಲೇ ಅವುಗಳ ಯೋಗ್ಯತೆಯನ್ನು ಅಳೆಯಬೇಕು.

ವಿಂಗಡಣೆಗಿಂತಲೂ ಮೊದಲಿನದೊಂದು ಕೆಲಸವಿದೆ: ಕಸವನ್ನು ಹುಟ್ಟಿಸದಿರುವುದು. ಕರ್ನಾಟಕ ಸರಕಾರವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ ಮೊದಲಾದುವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಆದರೂ ಸಂತೆಯಲ್ಲಿ ಅವು ಕಾಣಿಸುತ್ತಲೇ ಇವೆ. ಏಕೆಂದರೆ ಕೊಳ್ಳುವವನು ಬರಿಗೈಯಲ್ಲಿ ಬರುತ್ತಾನೆ. ಹಿಂದೆ ಸಂತೆಗೆ ಹೊರಟವರ ಕೈಯಲ್ಲಿ ಬಟ್ಟೆಯ ಚೀಲವೊಂದು ಇದ್ದೇ ಇರುತ್ತಿತ್ತು. ಮದುವೆಯ ಊಟ ಬಾಳೆಯೆಲೆಯ ಮೇಲೆಯೋ ಮುತ್ತುಗದ ಎಲೆಯ ಮೇಲೆಯೋ ನಡೆಯುತ್ತಿತ್ತು. ಉಂಡೆದ್ದ ಎಲೆ ಮಣ್ಣಿಗೆ ಹೊರೆಯಾಗುತ್ತಿರಲಿಲ್ಲ. ಆ ಅಭ್ಯಾಸಗಳು ಮರಳಿ ಬಾರದೆ ಕಾಯಿದೆಯೊಂದೇ ಗೆಲ್ಲಲಾರದು.

ಕಸ ಯಾರದು ಎಂಬ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗುತ್ತದೆ. ಅದು ಪುರಸಭೆಯೊಂದರದೇ ಅಲ್ಲ, ಪೌರಕಾರ್ಮಿಕರದಲ್ಲ, ಮಂಡೂರಿನಂತಹ ಹಳ್ಳಿಗಳದು ಎಂದೆಂದಿಗೂ ಅಲ್ಲ. ಅದನ್ನು ಎಸೆದವನು ಯಾರೋ ಅವನೇ ಅದರ ಮೊದಲ ಒಡೆಯ. ಒಯ್ಯುವ ಹೊಣೆ ಆಡಳಿತದ್ದಾಗಬಹುದು. ಬೇರ್ಪಡಿಸುವ ಹೊಣೆ ಎಸೆಯುವ ಕೈಯದೇ. ಈ ಎರಡು ಹೊಣೆಗಳಲ್ಲಿ ಒಂದು ತಪ್ಪಿದರೂ ಇನ್ನೊಂದು ನಿಷ್ಫಲ. ಪರಿಸರವನ್ನು ರಕ್ಷಿಸುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನವು ಹೇಳಿದೆ. ಅಷ್ಟು ದೊಡ್ಡ ಮಾತನ್ನು ಆಚರಣೆಗೆ ತರಲು ದೊಡ್ಡ ಸಾಧನಗಳೇನೂ ಬೇಕಿಲ್ಲ. ಎರಡು ಬುಟ್ಟಿ, ಒಂದು ಚೀಲ, ಮತ್ತು ಕಾಣದ ಊರಿನಲ್ಲಿ ಬಾಳುವ ಕಾಣದ ಜನರ ಮೇಲೆ ಒಂದಿಷ್ಟು ಕನಿಕರ ಇದ್ದರೆ ಸಾಕು. ತನ್ನ ಅಂಗಳವನ್ನು ಗುಡಿಸುವಾಗ ಪರರ ಅಂಗಳವನ್ನು ನೆನೆಯುವವನೇ ನಿಜವಾದ ನಾಗರಿಕ.